ಯಾವ ಬೆರಳಿಗೆ ಜೋಮು?

‘ಕೈಯೆಲ್ಲ ಜೋಮು ಡಾಕ್ಟರೇ’ ಎನ್ನುವವರಿಗೆ ನನ್ನ ಮೊದಲ ಪ್ರಶ್ನೆ ಒಂದೇ: ಯಾವ ಬೆರಳು? ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ಬರುವ ಬಹಳ ಮಂದಿ ಅಷ್ಟರಲ್ಲಿ ಮಂಗಳೂರಿಗೆ ಹೋಗಿ, ಕೈಯ ನರಗಳು ಹೊರಡುವ ಕುತ್ತಿಗೆಯ ಎಂಆರ್‌ಐ ಮಾಡಿಸಿಕೊಂಡಿರುತ್ತಾರೆ. ನಲವತ್ತು ದಾಟಿದವರ ಕುತ್ತಿಗೆಯಲ್ಲಿ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ತುಸು ಉಬ್ಬಿರುವುದು ತೀರಾ ಸಾಮಾನ್ಯ. ಯಾವ ನೋವೂ ಇಲ್ಲದವರಲ್ಲೂ ಅದು ಕಾಣುತ್ತದೆ. ನರ ಒತ್ತಿಹೋದದ್ದು ಎಲ್ಲಿ ಎಂಬುದನ್ನು ಚಿತ್ರಕ್ಕಿಂತ ಮೊದಲು ಬೆರಳುಗಳು ಹೇಳುತ್ತವೆ.

ಬೀಡಿ ಕಟ್ಟುವ ಅಕ್ಕಂದಿರಲ್ಲಿ ನಾನು ಹೆಚ್ಚಾಗಿ ಕಾಣುವುದು ಮಣಿಕಟ್ಟಿನ ತೊಂದರೆ. ಅಲ್ಲಿ ಮೂಳೆ ಮತ್ತು ಗಟ್ಟಿ ಪಟ್ಟಿಯ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆಗೆ ಮೀಡಿಯನ್ ನರ ಹಾದುಹೋಗುತ್ತದೆ. ದಿನವಿಡೀ ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಬಿಗಿದರೆ ರಜ್ಜುಗಳ ಸುತ್ತಲಿನ ಪೊರೆ ಊದಿಕೊಂಡು ನರಕ್ಕೆ ಜಾಗ ಸಾಲದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಒಂದು ಬದಿ ಜುಮುಗುಟ್ಟುತ್ತವೆ. ಕಿರುಬೆರಳಿಗೆ ಏನೂ ಆಗುವುದಿಲ್ಲ. ನಡುರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಾಯೆನಿಸುತ್ತದೆ. ಒಬ್ಬರು ನನ್ನೆದುರು ಕೈ ಚಾಚಿದಾಗ ಹೆಬ್ಬೆರಳ ಬುಡದ ಮಾಂಸ ಇಳಿದು ಅಂಗೈ ಚಪ್ಪಟೆಯಾಗಿತ್ತು. ಗಂಟು ಹಾಕುವಾಗ ನೂಲು ಬೆರಳಿನಿಂದ ಜಾರುತ್ತಿದೆ ಎಂದರು. ಅಷ್ಟು ತಡವಾದ ಮೇಲೆ ಶಸ್ತ್ರಚಿಕಿತ್ಸೆಯಾದರೂ ಬಲ ಪೂರ್ತಿ ಮರಳದಿರಬಹುದು. ಆರಂಭದಲ್ಲೇ ಬಂದರೆ ರಾತ್ರಿ ಮಣಿಕಟ್ಟು ಮಡಚದಂತೆ ನೇರವಾಗಿ ಹಿಡಿಯುವ ಪಟ್ಟಿ ಕಟ್ಟಿಯೇ ಎಷ್ಟೋ ಮಂದಿಗೆ ಗುಣವಾಗುತ್ತದೆ. ದುಡಿಮೆಯೊಂದೇ ಕಾರಣವೂ ಅಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆ ಇವೂ ಇದೇ ತೊಂದರೆ ತರುತ್ತವೆ. ಹಾಗಾಗಿ ಎರಡೂ ಕೈ ಜೋಮು ಎಂದವರಿಗೆ ರಕ್ತಪರೀಕ್ಷೆ ಬರೆಯದೆ ನಾನು ಕಳುಹಿಸುವುದಿಲ್ಲ.

ಕಿರುಬೆರಳೇ ಜೋಮಾದರೆ ಕಣ್ಣು ಮೊಣಕೈಯ ಮೇಲೆ ಹೋಗಬೇಕು. ಬಹಳ ಹೊತ್ತು ಮೊಣಕೈ ಮಡಚಿ ಮೊಬೈಲ್ ಹಿಡಿಯುವವರಲ್ಲಿ, ಅಂಗಡಿಯ ಮೇಜಿನ ಅಂಚಿಗೆ ಮೊಣಕೈ ಊರಿ ಕುಳಿತುಕೊಳ್ಳುವವರಲ್ಲಿ ಅಲ್ನರ್ ನರ ಅಲ್ಲಿ ಒತ್ತಿಹೋಗುತ್ತದೆ. ಆ ನರವನ್ನು ಬೆರಳಿನಿಂದ ತಡವಿ ನೋಡುತ್ತೇನೆ. ದಪ್ಪವಾಗಿದ್ದು, ಚರ್ಮದಲ್ಲಿ ಸ್ಪರ್ಶವೇ ತಿಳಿಯದ ಮಚ್ಚೆಯೂ ಇದ್ದರೆ ಅದು ಕುಷ್ಠವಿರಬಹುದು. ನಾಚಿಕೆಪಡಬೇಕಾದ್ದು ಏನೂ ಇಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಕಾಯಿಲೆ ಗುಣವಾಗುತ್ತದೆ.

ತೋಟದವರಿಗೆ ಕಾಲಿನದ್ದೂ ಒಂದು ಮಾತು. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಮೂಳೆಯ ಗುಬಟೆಯನ್ನು ಬಳಸಿಕೊಂಡು ಒಂದು ನರ ಚರ್ಮದ ಅಡಿಯಲ್ಲೇ ಸಾಗುತ್ತದೆ. ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕಿತ್ತರೆ, ಅಡಿಕೆ ಹೆಕ್ಕಿದರೆ ಅದು ಅಮುಕಿಹೋಗುತ್ತದೆ. ಎದ್ದಾಗ ಪಾದ ಮೇಲೆತ್ತಲಾಗದು, ಚಪ್ಪಲಿ ಕಾಲಿನಿಂದ ಜಾರುತ್ತದೆ. ಕಾಯಿಲೆ ಬಿದ್ದು ತೂಕ ಇಳಿದವರಿಗೆ ಇದು ಬೇಗ ಬರುತ್ತದೆ, ಏಕೆಂದರೆ ನರದ ಮೇಲಿನ ಕೊಬ್ಬಿನ ಹೊದಿಕೆ ಕರಗಿರುತ್ತದೆ. ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಲಕ್ವ ಹೊಡೆಯಿತೆಂದು ಮನೆಯವರು ಹೆದರುತ್ತಾರೆ. ಮುಖ, ಕೈ, ಮಾತು ಸರಿಯಿದ್ದರೂ ಪರೀಕ್ಷೆ ಮಾಡಿಸಿಯೇ ಆ ಭಯ ಬಿಡಬೇಕು.

ಸೊಂಟದಿಂದ ಪಾದದವರೆಗೆ ಎಳೆಯುವ ಸಯಾಟಿಕಾ ನೋವಿನ ಮೂಲ ಬಹುತೇಕ ಕೆಳಬೆನ್ನಿನ ಕೊನೆಯ ಎರಡು ಡಿಸ್ಕ್‌ಗಳಲ್ಲಿ ಇರುತ್ತದೆ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ತಗ್ಗುತ್ತದೆ. ಎಣ್ಣೆ ಹಚ್ಚಿ ಮೃದುವಾಗಿ ತಿಕ್ಕಿದರೆ ನನ್ನ ತಕರಾರಿಲ್ಲ. ಬೆನ್ನಿನ ಮೇಲೆ ಕಾಲಿಟ್ಟು ತುಳಿಯುವುದನ್ನು, ಸೊಂಟವನ್ನು ತಿರುಚಿ ‘ನರ ಕೂರಿಸುವುದನ್ನು’ ಮಾತ್ರ ಖಂಡಿತ ಬೇಡವೆನ್ನುತ್ತೇನೆ. ಬೆನ್ನುನೋವಿನ ಜೊತೆಗೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದಿ ಮತ್ತು ಗುದದ ಸುತ್ತ ಮರಗಟ್ಟಿದರೆ, ಎರಡೂ ಕಾಲುಗಳ ಬಲ ಕುಂದಿದರೆ ಅಂದೇ ದೊಡ್ಡ ಆಸ್ಪತ್ರೆಗೆ ಹೊರಡಿ. ರಾತ್ರಿಯಾದರೂ ಸರಿ, ಬೆಳಗಿನ ಬಸ್ಸಿಗೆ ಕಾಯಬೇಡಿ.