ಹಾರ್ಮೋನಿನ ಅಳತೆ ರಕ್ತದಲ್ಲಿ, ಮಲದಲ್ಲಲ್ಲ

ಹಾರ್ಮೋನ್ ಚಿಕಿತ್ಸೆಯಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಲ್ಲಿ ಹಲವರು ಈಗ ರಕ್ತಪರೀಕ್ಷೆಯ ವರದಿಗಿಂತ ಮೊದಲು, ಮಲಪರೀಕ್ಷೆಯಿಂದ ಪಡೆದ ಕರುಳಿನ ಬ್ಯಾಕ್ಟೀರಿಯಾಗಳ ವರದಿಯನ್ನು ನನ್ನ ಮುಂದಿಡುತ್ತಾರೆ. ಅದರಲ್ಲಿ ಯಾವುದೋ ಒಂದು ಬ್ಯಾಕ್ಟೀರಿಯಾ ಕಡಿಮೆಯಿದೆ ಎಂದು ನಮೂದಾಗಿರುತ್ತದೆ. ಹಾಗಾದರೆ ಹಾರ್ಮೋನ್ ಮೈಗೆ ಹತ್ತುತ್ತಿಲ್ಲ ಎಂದು ತಾವೇ ತೀರ್ಮಾನಿಸಿ, ಕೆಲವರು ದುಬಾರಿ ಪ್ರೋಬಯಾಟಿಕ್ ಕೊಂಡಿರುತ್ತಾರೆ, ಇನ್ನು ಕೆಲವರು ಮಾತ್ರೆಯ ಪ್ರಮಾಣವನ್ನೇ ಏರಿಸಿಕೊಂಡಿರುತ್ತಾರೆ. ಮೊದಲನೆಯದರಲ್ಲಿ ಬಹುತೇಕ ಹಣವಷ್ಟೇ ಹೋಗುತ್ತದೆ. ಎರಡನೆಯದು ನನ್ನ ನಿದ್ದೆ ಕೆಡಿಸುತ್ತದೆ.

ಈ ನಂಬಿಕೆಯ ಬುಡದಲ್ಲಿ ಒಂದು ನಿಜವಾದ ಶರೀರಕ್ರಿಯೆ ಇದೆ. ಟ್ರಾನ್ಸ್ ಮಹಿಳೆಯರು ತೆಗೆದುಕೊಳ್ಳುವ ಹಾರ್ಮೋನಾದ ಈಸ್ಟ್ರೋಜನ್ ತನ್ನ ಕೆಲಸ ಮುಗಿಸಿದ ಮೇಲೆ ಯಕೃತ್ತು ಅದಕ್ಕೆ ಗ್ಲುಕ್ಯುರಾನಿಕ್ ಆಮ್ಲವನ್ನು ಜೋಡಿಸಿ ನಿಷ್ಕ್ರಿಯಗೊಳಿಸುತ್ತದೆ, ಮತ್ತು ಅದರ ಒಂದು ಭಾಗವನ್ನು ಪಿತ್ತರಸದೊಂದಿಗೆ ಕರುಳಿಗೆ ಕಳಿಸುತ್ತದೆ. ಅಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಬೀಟಾ-ಗ್ಲುಕ್ಯುರಾನಿಡೇಸ್ ಎಂಬ ಕಿಣ್ವದಿಂದ ಆ ಜೋಡಣೆಯನ್ನು ಕಳಚಿಬಿಡುತ್ತವೆ. ಬಿಡುಗಡೆಯಾದ ಈಸ್ಟ್ರೋಜನ್ನಿನಲ್ಲಿ ಸ್ವಲ್ಪ ಮತ್ತೆ ರಕ್ತಕ್ಕೆ ಹೀರಲ್ಪಡುತ್ತದೆ. ಈಸ್ಟ್ರೋಜನ್ನನ್ನು ಹೀಗೆ ಮಾರ್ಪಡಿಸಬಲ್ಲ ಬ್ಯಾಕ್ಟೀರಿಯಾ ವಂಶವಾಹಿಗಳ ಸಮೂಹಕ್ಕೆ 2011ರಿಂದ ಈಸ್ಟ್ರೋಬೋಲೋಮ್ ಎಂಬ ಹೆಸರಿದೆ.

ಆದರೆ ನಾನು ಮತ್ತೆ ಮತ್ತೆ ಹೇಳಬೇಕಾಗಿರುವ ಮಾತು ಇಲ್ಲಿಂದ ಮುಂದಿನದು. ಬ್ಯಾಕ್ಟೀರಿಯಾಗಳು ಹೆಚ್ಚು ಈಸ್ಟ್ರೋಜನ್ನನ್ನು ಮರಳಿ ಕಳಿಸಲಿ, ಕಡಿಮೆಯನ್ನು ಕಳಿಸಲಿ, ಮರಳಿದ್ದು ಸೇರುವುದು ರಕ್ತಕ್ಕೇ. ಎಂದರೆ, ರಕ್ತದಲ್ಲಿ ಅಳೆದ ಈಸ್ಟ್ರಾಡಿಯೋಲ್ (ಈಸ್ಟ್ರೋಜನ್ನಿನ ಮುಖ್ಯ ರೂಪ) ಮಟ್ಟದಲ್ಲಿ ನಿಮ್ಮ ಮಾತ್ರೆ, ನಿಮ್ಮ ಯಕೃತ್ತು, ನಿಮ್ಮ ಬ್ಯಾಕ್ಟೀರಿಯಾ ಎಲ್ಲದರ ಪಾಲೂ ಈಗಾಗಲೇ ಸೇರಿಹೋಗಿದೆ. ಆ ಮಟ್ಟ ಸರಿಯಿದ್ದರೆ, ಮಲದ ವರದಿ ಏನೇ ಹೇಳಿದರೂ ಪ್ರಮಾಣ ಬದಲಿಸಲು ಕಾರಣವಿಲ್ಲ. ಆ ಮಟ್ಟ ಸರಿಯಿಲ್ಲದಿದ್ದರೆ, ಅದನ್ನು ತಿಳಿಯಲು ಮಲದ ವರದಿ ಬೇಕಾಗಿಯೇ ಇಲ್ಲ. ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಟ್ರಾನ್ಸ್ ಮಹಿಳೆಯರಲ್ಲಿ ಮಿಲಿಲೀಟರಿಗೆ 100ರಿಂದ 200 ಪಿಕೋಗ್ರಾಂ ಈಸ್ಟ್ರಾಡಿಯೋಲ್ ಇರಬೇಕೆನ್ನುತ್ತದೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಲು ಹೇಳುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾಗಳ ಎಣಿಕೆಗೆ ಗುರಿಮಟ್ಟವೇ ಇಲ್ಲ.

ಒಬ್ಬ ಯುವತಿ ಇಂಥ ವರದಿಯನ್ನು ನಂಬಿ ತನ್ನ ಮಾತ್ರೆಯನ್ನು ಎರಡರಷ್ಟು ಮಾಡಿಕೊಂಡಿದ್ದಳು. ಅದಕ್ಕೆ ಮುಂಚಿನ ರಕ್ತಪರೀಕ್ಷೆಯಲ್ಲಿ ಅವಳ ಮಟ್ಟ ಗುರಿಯೊಳಗೇ ಇತ್ತು. ಎದೆಯ ಬೆಳವಣಿಗೆ ನಿಧಾನವಾಯಿತೆಂಬುದು ಅವಳ ಸಂಕಟ. ಆ ಬೆಳವಣಿಗೆಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಬೇಕೆಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಎಷ್ಟೋ ವರ್ಷ ಕಾದು ಈ ಚಿಕಿತ್ಸೆಗೆ ಬಂದವಳ ಆತುರ ನನಗೆ ಅರ್ಥವಾಗುತ್ತದೆ. ಆದರೆ ಬಾಯಿಯ ಮೂಲಕ ಹೆಚ್ಚು ಈಸ್ಟ್ರೋಜನ್ ತೆಗೆದುಕೊಂಡಷ್ಟೂ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಏರಬಹುದು ಎಂಬುದನ್ನು ಅವಳಿಗೆ ತಿಳಿಸದೆ ಬಿಡುವಂತಿರಲಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ‘ನಾನು ಪ್ಯಾಚ್ ಹಚ್ಚುತ್ತೇನೆ, ಕರುಳಿಗೂ ನನಗೂ ಸಂಬಂಧವಿಲ್ಲ.’ ಚರ್ಮದ ಮೂಲಕ ಬಂದ ಈಸ್ಟ್ರಾಡಿಯೋಲ್, ನುಂಗಿದ ಮಾತ್ರೆಯಂತೆ ಮೊದಲು ಯಕೃತ್ತನ್ನು ಹಾದು ಬರುವುದಿಲ್ಲ, ನಿಜ. ಆದರೆ ರಕ್ತ ಯಕೃತ್ತಿನ ಮೂಲಕ ಹರಿಯುವುದು ನಿಲ್ಲುವುದಿಲ್ಲವಾದ್ದರಿಂದ, ಅದೂ ಕೊನೆಗೆ ಪಿತ್ತರಸದ ದಾರಿ ಹಿಡಿಯುತ್ತದೆ.

ಹಾರ್ಮೋನೇ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಮತ್ತು ಹೆಚ್ಚು ಕುತೂಹಲದ್ದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಡಿಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಎಳೆಯ ಹೆಣ್ಣಿಲಿಗಳಿಗೆ ವರ್ಗಾಯಿಸಿದಾಗ ಅವುಗಳ ಟೆಸ್ಟೋಸ್ಟೆರಾನ್ ಏರಿತು, ಮೊದಲ ವಿಧದ ಮಧುಮೇಹದಿಂದ ರಕ್ಷಣೆಯೂ ದೊರೆಯಿತು. ಆದರೆ ಈ ಪ್ರಯೋಗ ತೋರಿಸಿದ್ದು ಬ್ಯಾಕ್ಟೀರಿಯಾಗಳು ಹಾರ್ಮೋನನ್ನು ಬದಲಿಸಬಲ್ಲವು ಎಂಬುದನ್ನು, ಹಾರ್ಮೋನ್ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತದೆ ಎಂಬುದನ್ನಲ್ಲ. ಮನುಷ್ಯರಲ್ಲಿ ಮಾತ್ರ ಚಿಕಿತ್ಸೆ ಆರಂಭವಾದೊಡನೆ ತೂಕ, ಹಸಿವು, ನಿದ್ದೆ, ಮನಸ್ಸಿನ ಒತ್ತಡ, ಜೊತೆಯ ಔಷಧಿಗಳು ಎಲ್ಲವೂ ಬದಲಾಗುತ್ತವೆ; ಇವೂ ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತವೆ. ಹೀಗಿರುವಾಗ ಒಂದೇ ಮಲದ ಮಾದರಿಯಲ್ಲಿ ಕಂಡ ವ್ಯತ್ಯಾಸಕ್ಕೆ ಹಾರ್ಮೋನೇ ಕಾರಣವೆಂದು ಬೆರಳು ತೋರಿಸಲಾಗದು.

ಪ್ರತಿಜೀವಕಗಳ ಬಗ್ಗೆ ಕೇಳುವವರಿಗೆ: ಸಾಮಾನ್ಯ ಪ್ರತಿಜೀವಕದ ಕೆಲವು ದಿನಗಳ ಕೋರ್ಸಿಗಾಗಿ ಹಾರ್ಮೋನ್ ನಿಲ್ಲಿಸುವುದೂ ಬೇಡ, ಹೆಚ್ಚಿಸುವುದೂ ಬೇಡ. ಕ್ಷಯಕ್ಕೆ ಕೊಡುವ ಪ್ರತಿಜೀವಕವಾದ ರಿಫಾಂಪಿಸಿನ್ ಇದಕ್ಕೆ ಹೊರತು. ಅದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಈಸ್ಟ್ರಾಡಿಯೋಲ್ ಮಟ್ಟವನ್ನು ಇಳಿಸುತ್ತದೆ. ಕ್ಷಯಕ್ಕೆ ಚಿಕಿತ್ಸೆ ಪಡೆಯುವವರು ಇದನ್ನು ತಮ್ಮ ಹಾರ್ಮೋನ್ ವೈದ್ಯರಿಗೆ ಮೊದಲೇ ತಿಳಿಸಿ, ರಕ್ತದ ಮಟ್ಟವನ್ನು ಮತ್ತೆ ನೋಡಿಸಿಕೊಳ್ಳಬೇಕು.