ಒಂದೇ 16 ಜಿಬಿಯೋ, ಎರಡು 8 ಜಿಬಿಯೋ?

ಕಂಪ್ಯೂಟರ್ ಜೋಡಿಸಿಕೊಡಿ ಅಂತ ಬರುವವರಿಗೆ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಮದರ್‌ಬೋರ್ಡಿನಲ್ಲಿ ರ‍್ಯಾಮ್ ಸ್ಲಾಟ್ ಎಷ್ಟಿವೆ? ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ತೀರಾ? 16 ಜಿಬಿ ರ‍್ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಡೇಟಾ ಇಟ್ಟುಕೊಳ್ಳುವ ಮೆಮೊರಿ) ಬೇಕಾದರೆ ಒಂಟಿ ಸ್ಟಿಕ್ಕೋ ಜೋಡಿಯೋ ಅನ್ನುವುದು ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಮನೆ, ಕಚೇರಿಗಳಲ್ಲಿ ಬಳಸುವ ಹೆಚ್ಚಿನ ಪ್ರೊಸೆಸರ್‌ಗಳಿಗೆ ಮೆಮೊರಿಯ ಜೊತೆ ವ್ಯವಹರಿಸಲು ಎರಡು ಚಾನೆಲ್, ಅಂದರೆ ಡೇಟಾ ಸಾಗುವ ದಾರಿಗಳು, ಇರುತ್ತವೆ. ಒಂದೊಂದೂ 64 ಬಿಟ್ ಅಗಲ. ಸ್ಟಿಕ್ ಒಂದೇ ಹಾಕಿದರೆ ಇನ್ನೊಂದು ಚಾನೆಲ್ ಸುಮ್ನೆ ಖಾಲಿ ಕೂತಿರುತ್ತದೆ. ಡಿಡಿಆರ್4-3200 (ಡಿಡಿಆರ್4 ಅನ್ನುವುದು ಪೀಳಿಗೆ, 3200 ಅದರ ವೇಗ) ರ‍್ಯಾಮ್ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡರಲ್ಲಿ 51.2 ಜಿಬಿ. ಹಾಗಂತ ಕಂಪ್ಯೂಟರೇ ದುಪ್ಪಟ್ಟು ವೇಗವಾಗುತ್ತದೆ ಅಂದುಕೊಳ್ಳಬೇಡಿ. ಕೇಳಿದ ಡೇಟಾದ ಮೊದಲ ತುಣುಕು ಬರಲು ಹಿಡಿಯುವ ಹೊತ್ತು ಜೋಡಿ ಹಾಕಿದರೂ ಅಷ್ಟೇ. ಪತ್ರ ಟೈಪ್ ಮಾಡುವುದು, ಮೇಲ್ ನೋಡುವುದು ಇಂಥ ಕೆಲಸಕ್ಕೆ ಬೇಕಾದ ಡೇಟಾ ಬಹುಪಾಲು ಪ್ರೊಸೆಸರ್ ಒಳಗಿನ ಕ್ಯಾಶ್ ಅನ್ನುವ ಪುಟ್ಟ, ವೇಗದ ಮೆಮೊರಿಯಲ್ಲೇ ಸಿಕ್ಕಿಬಿಡುತ್ತದೆ. ಅಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಗೊತ್ತಾಗುವುದು ಗ್ರಾಫಿಕ್ಸ್‌ನಲ್ಲಿ. ಬೇರೆ ಕಾರ್ಡ್ ಇಲ್ಲದ ಯಂತ್ರದಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇರುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ. ಪರದೆಯ ಚಿತ್ರ, ಗೇಮ್‌ನ ಟೆಕ್ಸ್ಚರ್ ಎಲ್ಲವೂ ಅದೇ ರ‍್ಯಾಮ್‌ನಿಂದ ಬರಬೇಕು, ಪ್ರೊಸೆಸರ್ ಜೊತೆ ಹಂಚಿಕೊಂಡು. 11 ಮತ್ತು 12ನೇ ಪೀಳಿಗೆಯ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಒಂಟಿ ಸ್ಟಿಕ್ ಇದ್ದಾಗ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಬರೀ ‘ಯುಎಚ್‌ಡಿ ಗ್ರಾಫಿಕ್ಸ್’ ಅಂತ ಇರುತ್ತದೆ. ಇನ್ನೊಂದು ಸ್ಟಿಕ್ ಹಾಕಿ ಆನ್ ಮಾಡಿದರೆ ಅದೇ ಚಿಪ್ ‘ಐರಿಸ್ ಎಕ್ಸ್‌ಇ’ ಅಂತ ತೋರಿಸುತ್ತದೆ! ಎರಡು ಚಾನೆಲ್ ಇಲ್ಲದಿದ್ದರೆ ಆ ಹೆಸರು ಕೊಡುವುದಿಲ್ಲ ಅನ್ನುವುದು ಇಂಟೆಲ್‌ನದೇ ನಿಯಮ. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗೇಮ್ ಆಡುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ ನನ್ನ ಮಾತು ಒಂದೇ: ಜೋಡಿಯೇ ಹಾಕಿಸಿ. ಅದು ಐಚ್ಛಿಕ ಅಲ್ಲ.

ನಾಲ್ಕು ಸ್ಲಾಟಿನ ಡೆಸ್ಕ್‌ಟಾಪ್ ಆದರೆ ಜಾಸ್ತಿ ಯೋಚನೆ ಬೇಡ. ಜೋಡಿ ಹಾಕಿ, ಎರಡು ಸ್ಲಾಟ್ ಖಾಲಿ ಬಿಡಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡೇ ಸ್ಲಾಟ್ ಇರುವ ಯಂತ್ರದಲ್ಲಿ. ಇವತ್ತು 8 ಜಿಬಿಯವು ಎರಡು ಹಾಕಿ, ಮುಂದೆ 32 ಬೇಕಾದರೆ ಎರಡನ್ನೂ ತೆಗೆದಿಡಬೇಕು. ರ‍್ಯಾಮ್ ಸಾಲದೆ ಹೋದರೆ ಕಂಪ್ಯೂಟರ್ ಫೈಲ್ ಇಡುವ ಎಸ್‌ಎಸ್‌ಡಿಗೆ ಕೈಹಾಕುತ್ತದೆ, ಆಗ ಆಗುವ ನಿಧಾನದ ಮುಂದೆ ಒಂಟಿ ಚಾನೆಲ್ಲಿನ ನಷ್ಟ ಏನೇನೂ ಅಲ್ಲ. ಆರೆಂಟು ತಿಂಗಳಲ್ಲಿ ಇನ್ನೊಂದು ಖಂಡಿತ ತಗೋತೀರಿ, ಬೇರೆ ಗ್ರಾಫಿಕ್ಸ್ ಕಾರ್ಡೂ ಇದೆ ಅಂದರೆ ಒಂದೇ 16 ಜಿಬಿ ತಗೊಳ್ಳಿ, ತಪ್ಪೇನಿಲ್ಲ. ಆದರೆ ‘ಮುಂದೆ ಹಾಕಿಸ್ತೀನಿ’ ಅಂದವರಲ್ಲಿ ಹೆಚ್ಚಿನವರು ಹಾಕಿಸುವುದೇ ಇಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಆಮೇಲೆ ತಂದ ಸ್ಟಿಕ್ ಹಳೆಯದರ ಜೊತೆ ಹೊಂದುತ್ತದಾ? ಸಾಮಾನ್ಯವಾಗಿ ಹೊಂದುತ್ತದೆ. ವೇಗ ಬೇರೆ ಇದ್ದರೆ ಎರಡೂ ನಿಧಾನದ್ದರ ಲೆಕ್ಕಕ್ಕೆ ಇಳಿಯುತ್ತವೆ. ಅಳತೆ ಬೇರೆ ಇದ್ದರೂ ಬಹಳಷ್ಟು ಬೋರ್ಡ್‌ಗಳು ಹೊಂದಿಸಿಕೊಳ್ಳುತ್ತವೆ: 8ರ ಜೊತೆ 16 ಹಾಕಿದರೆ 16 ಜಿಬಿಯಷ್ಟು ಭಾಗ ಎರಡು ಚಾನೆಲ್‌ನಲ್ಲಿ, ಉಳಿದ 8 ಒಂದರಲ್ಲಿ. ಎಕ್ಸ್‌ಎಂಪಿ (ರ‍್ಯಾಮನ್ನು ಸಾಮಾನ್ಯಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ ಓಡಿಸುವವರು ಮಾತ್ರ ಒಂದೇ ಪ್ಯಾಕ್‌ನಲ್ಲಿ ಬರುವ ಜೋಡಿ ತಗೊಳ್ಳುವುದು ಒಳ್ಳೆಯದು. ಮಾಡೆಲ್ ನಂಬರ್ ಒಂದೇ ಇದ್ದರೂ ಒಳಗಿನ ಚಿಪ್ ಬದಲಾಗಿರಬಹುದು.

ಡಿಡಿಆರ್4ರ ನಂತರದ ಪೀಳಿಗೆ ಡಿಡಿಆರ್5ರ ಬಗ್ಗೆ ಒಂದು ತಪ್ಪು ಕಲ್ಪನೆ ಓಡಾಡುತ್ತಿದೆ. ಅದರ ಒಂದೊಂದು ಸ್ಟಿಕ್ಕಿನಲ್ಲೂ ಎರಡು ಉಪಚಾನೆಲ್ ಇವೆ, ಹಾಗಾಗಿ ಒಂದೇ ಸಾಕು ಅನ್ನುತ್ತಾರೆ. ಆ ಉಪಚಾನೆಲ್‌ಗಳು 32 ಬಿಟ್‌ನವು. ಕೂಡಿಸಿದರೆ ಅದೇ 64, ಅಲ್ವಾ? ಇನ್ನು ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿಸಿದರೆ ವೇಗ ಬೀಳುತ್ತದೆ. ರೈಜನ್ 7000 ಸರಣಿಯ ಪ್ರೊಸೆಸರ್‌ಗಳಿಗೆ ಎಎಂಡಿ ಹೇಳುವ ವೇಗ ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ 3600. ಅದಕ್ಕೇ ಅಲ್ಲಿ ಬೇಕಾದಷ್ಟನ್ನು ಮೊದಲೇ ಎರಡು ಸ್ಟಿಕ್ಕಿನಲ್ಲಿ ತಗೊಳ್ಳಿ ಅನ್ನುತ್ತೇನೆ.

ನಾಲ್ಕು ಸ್ಲಾಟಿನ ಬೋರ್ಡಿಗೆ ಜೋಡಿ ತಂದೂ ಪಕ್ಕಪಕ್ಕದ ಸ್ಲಾಟ್‌ನಲ್ಲಿ ಹಾಕಿ ಒಂದೇ ಚಾನೆಲ್‌ನಲ್ಲಿ ಓಡಿಸುವವರೂ ಇದ್ದಾರೆ. ಅಲ್ಲಿ ಹಾಕಬೇಕಾದದ್ದು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ಆದರೂ ಮ್ಯಾನ್ಯುಯಲ್ ನೋಡಿ. ಈಗಿನ ಹಲವು ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ತುದಿಗೆ ಇರುತ್ತದೆ. ಆ ಕಡೆ ಟಕ್ ಅಂದರೂ ಈ ಕಡೆ ಸ್ಟಿಕ್ ಅರ್ಧ ಮೇಲೆಯೇ ನಿಂತಿರಬಹುದು, ಎರಡೂ ತುದಿ ಒತ್ತಿ. ಸಿಪಿಯು-ಝಡ್ ಅನ್ನುವ ತಂತ್ರಾಂಶದ ಮೆಮೊರಿ ಪುಟದಲ್ಲಿ ಡಿಡಿಆರ್4ಕ್ಕೆ ‘ಡ್ಯುಯಲ್’ ಅಥವಾ ಎರಡು 64 ಬಿಟ್, ಡಿಡಿಆರ್5ಕ್ಕೆ ನಾಲ್ಕು 32 ಬಿಟ್ ಅಂತ ಕಂಡರೆ ಕೆಲಸ ಸರಿಯಾಗಿದೆ. ಡಿಡಿಆರ್5 ಹಾಕಿ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು. ಬೋರ್ಡ್ ಹೊಸ ರ‍್ಯಾಮ್‌ಗೆ ತನ್ನನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಕೆಟ್ಟಿದೆ ಅಂತ ಅರ್ಧಕ್ಕೇ ಪವರ್ ತೆಗೆಯಬೇಡಿ.