ಚಾಲಕನ ಕಿಟಕಿಗೆ ಎಟುಕಬೇಕಾದ ಅಂಚೆ ಡಬ್ಬಿ

ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ, ಚಾಲಕ ಎಡಕ್ಕೆ ಕುಳಿತಿರುತ್ತಾನೆ. ಹಾಗಾಗಿ ಫುಟ್‌ಪಾತ್ ಇರುವುದು ಪಕ್ಕದ ಸೀಟಿನವರ ಕಡೆಗೆ. ಕಾರಿನಿಂದ ಇಳಿಯದೆಯೇ ಕಾಗದ ಹಾಕಲೆಂದು ಮಾಡಿದ ನೀಲಿ ಅಂಚೆ ಡಬ್ಬಿಗಳ ತಾಪತ್ರಯ ಶುರುವಾಗುವುದೇ ಇಲ್ಲಿಂದ. ಡಬ್ಬಿಯ ಮೈಯಿಂದ ಹೊರಕ್ಕೆ ಚಾಚಿಕೊಂಡಿರುವ ತಗಡಿನ ಮೂತಿ ಚಾಲಕನ ಕೈಗೆ ಸಿಗಬೇಕಾದರೆ ಡಬ್ಬಿ ಕಾರಿನ ಎಡಕ್ಕೆ ಬರಬೇಕು. ಎರಡೂ ದಿಕ್ಕಿಗೆ ವಾಹನ ಓಡುವ ಸಾಮಾನ್ಯ ಬೀದಿಯಲ್ಲಿ ಅಂಥ ಜಾಗ ಸಿಗುವುದಿಲ್ಲ. ಏಕಮುಖ ರಸ್ತೆಯ ಎಡ ಅಂಚು, ಇಲ್ಲವೇ ಅಂಚೆ ಕಚೇರಿಯ ಆವರಣದೊಳಗಿನ ಪ್ರತ್ಯೇಕ ಪಥ; ಹೆಚ್ಚುಕಡಿಮೆ ಇವೆರಡೇ ದಾರಿ. ಮನೆಮನೆಗೆ ಕಾಗದ ಹಂಚುವ ಅಲ್ಲಿನ ಅಂಚೆ ಗಾಡಿಗಳಿಗೆ ನಮ್ಮೂರಿನ ಕಾರುಗಳಂತೆ ಬಲಕ್ಕೆ ಸ್ಟಿಯರಿಂಗ್ ಇಟ್ಟಿರುವುದೂ ಇದೇ ಲೆಕ್ಕದಿಂದ.

ಅಲ್ಲಿನ ನಗರವೊಂದರಲ್ಲಿ ಸಂಚಾರ ವಿನ್ಯಾಸದ ಕೆಲಸ ಮಾಡುವ ನನ್ನ ಮೇಜಿಗೆ ಈ ಡಬ್ಬಿಗಳ ದೂರುಗಳು ಬರುತ್ತಲೇ ಇರುತ್ತವೆ. ಒಬ್ಬರಿಗೆ ಕೈ ಎಟುಕುವುದಿಲ್ಲ, ಇನ್ನೊಬ್ಬರ ಕಾರಿನ ಕನ್ನಡಿ ಮುರಿಯಿತು, ಮತ್ತೊಬ್ಬರ ಚೆಕ್ ಕಳುವಾಯಿತು. ದೂರು ಕೊಡುವವರೆಲ್ಲ ಕೇಳುವುದು ಹೊಸ ಡಬ್ಬಿ. ಡಬ್ಬಿ ಎಷ್ಟು ಹೊಸದಾದರೂ ಇವುಗಳಲ್ಲಿ ಹೆಚ್ಚಿನವು ತೀರುವುದಿಲ್ಲ. ಸರಿಪಡಿಸಬೇಕಾದದ್ದು ಅದರ ಬಳಿಗೆ ಕಾರು ಬರುವ ನೂರಡಿ ನೆಲವನ್ನು.

ಸ್ಥಳಕ್ಕೆ ಹೋದಾಗ ನಾನು ಮೊದಲು ನೋಡುವುದು ಪಥದ ಕಾಂಕ್ರೀಟ್ ಅಂಚನ್ನು. ಟೈರ್ ಉಜ್ಜಿದ ಕಪ್ಪು ಗೀರುಗಳು ತಿರುವಿನ ಒಳಮೂಲೆಯಲ್ಲಿ ದಟ್ಟವಾಗಿದ್ದು, ಡಬ್ಬಿಯ ಎದುರಿನ ಅಂಚು ಮಾತ್ರ ಬೆಳ್ಳಗೇ ಉಳಿದಿದ್ದರೆ ರೋಗ ಯಾವುದೆಂದು ತಿಳಿಯಿತು. ಕಾರು ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿಗಿಂತ ಒಳಗೆ ಹಾಯುತ್ತದೆ. ಎಡತಿರುವು ಮುಗಿಯುವಲ್ಲೇ ಡಬ್ಬಿ ನೆಟ್ಟಿದ್ದರೆ, ಹಿಂದಿನ ಚಕ್ರ ಅಂಚನ್ನು ಹತ್ತದಿರಲೆಂದು ಚಾಲಕ ಅಗಲವಾಗಿ ಬಳಸಿಕೊಂಡು ಬರುತ್ತಾನೆ. ಕಾರು ಓರೆಯಾಗಿ, ಮೂತಿಯಿಂದ ಎರಡು ಮೂರು ಅಡಿ ಆಚೆ ನಿಲ್ಲುತ್ತದೆ. ಡಬ್ಬಿಯನ್ನು ಒಂದೂವರೆ ಕಾರಿನಷ್ಟು ಮುಂದಕ್ಕೆ ಸರಿಸಿ, ಅಲ್ಲಿಯವರೆಗೆ ಪಥವನ್ನು ನೇರ ಮಾಡಿಕೊಟ್ಟರೆ ಅದೇ ಚಾಲಕ ಅಂಚಿಗೆ ಅಂಟಿಕೊಂಡಂತೆ ಬಂದು ನಿಲ್ಲುತ್ತಾನೆ. ಡಬ್ಬಿಗೆ ಗುದ್ದದಿರಲೆಂದು ನೆಡುವ ಹಳದಿ ಕಂಬಗಳೂ ಇಂಥದೇ ಕೆಲಸ ಕೆಡಿಸುತ್ತವೆ. ಕಂಬ ಮೂತಿಯ ತುದಿಗಿಂತ ಮುಂದೆ ಬಂದರೆ ಕನ್ನಡಿ ಉಳಿಸಿಕೊಳ್ಳಲು ಎಲ್ಲರೂ ದೂರ ಸರಿಯುತ್ತಾರೆ. ಡಬ್ಬಿ ಕ್ಷೇಮವಾಗಿರುತ್ತದೆ, ಕಾಗದ ಹಾಕುವವರು ಪರದಾಡುತ್ತಾರೆ.

ಕೈ ಎಟುಕದಿದ್ದಾಗ ಜನ ಕಾರನ್ನು ಹಿಂದೆ ತೆಗೆದು ಮತ್ತೆ ನಿಲ್ಲಿಸುವುದಿಲ್ಲ; ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ. ಮೊದಲು ಕಿಟಕಿಯಿಂದ ಕೈ ಬರುತ್ತದೆ, ಆಮೇಲೆ ಭುಜ. ಸೀಟ್ ಬೆಲ್ಟ್ ಕಳಚುತ್ತದೆ. ಕೊನೆಗೆ ಬಾಗಿಲನ್ನು ಅರ್ಧ ತೆರೆದು ಎಡಕ್ಕೆ ವಾಲುತ್ತಾರೆ. ಇಷ್ಟೂ ಹೊತ್ತು ಆಟೋಮ್ಯಾಟಿಕ್ ಗೇರ್ 'ಡಿ'ಯಲ್ಲೇ ಇರುತ್ತದೆ, ಕಾರನ್ನು ಹಿಡಿದಿಟ್ಟಿರುವುದು ಬಲಗಾಲು ಮಾತ್ರ. ಮೈ ಎಡಕ್ಕೆ ವಾಲಿದಷ್ಟೂ ಆ ಕಾಲು ಬ್ರೇಕಿನಿಂದ ಜಾರುತ್ತದೆ, ಕಾರು ತಾನಾಗಿ ತೆವಳತೊಡಗುತ್ತದೆ. 2021ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ತಿಂಡಿ ಮಳಿಗೆಯೊಂದರ ಡ್ರೈವ್-ಥ್ರೂ ಪಥದಲ್ಲಿ ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳಲು ಬಾಗಿಲು ತೆರೆದು ಬಗ್ಗಿದ ಚಾಲಕರೊಬ್ಬರು, ಕಾರು ಮುಂದೆ ಉರುಳಿ, ಬಾಗಿಲಿಗೂ ಕಾರಿಗೂ ನಡುವೆ ಸಿಲುಕಿ ತೀರಿಕೊಂಡರು. ಮೂತಿಯ ಪಕ್ಕದಲ್ಲಿ 'ಗೇರ್ ಪಾರ್ಕ್‌ಗೆ ಹಾಕಿ' ಎಂಬ ಫಲಕ ಹಾಕಿಸುವುದು ಸುಲಭ, ಹಾಕಿಸುತ್ತೇವೆ ಕೂಡ. ನನ್ನ ನಂಬಿಕೆಯೇನೋ ಫಲಕಕ್ಕಿಂತ ಆ ಎರಡಡಿ ಅಂತರವನ್ನು ಕಡಿಮೆ ಮಾಡುವುದರಲ್ಲಿದೆ.

ಇನ್ನು ಸಾಲಿನ ಲೆಕ್ಕ. ಸಾಲಿನಲ್ಲಿ ನಿಂತ ಒಂದು ಕಾರಿಗೆ, ನಡುವಿನ ತೆರಪೂ ಸೇರಿ, ಸುಮಾರು 25 ಅಡಿ ಹಿಡಿಯುತ್ತೇವೆ. ನಾಲ್ಕು ಕಾರಿಗೆ ನೂರಡಿ. ಎಲ್ಲರಿಗೂ ಕಾಣಲಿ ಎಂದು ಆವರಣದ ಪ್ರವೇಶದ ಬಾಯಲ್ಲೇ ಡಬ್ಬಿ ನೆಟ್ಟ ಕಡೆ ಮೂರನೆಯ ಕಾರಿನ ಹಿಂಭಾಗ ರಸ್ತೆಯ ಮೇಲಿರುತ್ತದೆ. ಕ್ರಿಸ್‌ಮಸ್ ಶುಭಾಶಯ ಪತ್ರಗಳ ಕಾಲದಲ್ಲಿ, ತೆರಿಗೆ ಗಡುವಾದ ಏಪ್ರಿಲ್ 15ರ ಆಸುಪಾಸಿನಲ್ಲಿ ಹಿಂದಿನಿಂದ ಬಂದು ಗುದ್ದುವ ಅಪಾಯ ಇಲ್ಲೇ ಹೆಚ್ಚು. ಡಬ್ಬಿ ಇರಬೇಕಾದದ್ದು ನಿರ್ಗಮನದ ಕಡೆಗೆ, ಸಾಲು ಪೂರ್ತಿ ಒಳಗೇ ನಿಲ್ಲುವಂತೆ.

ನಡೆದು ಬರುವವರನ್ನು ಈ ವಿನ್ಯಾಸದಲ್ಲಿ ಯಾರೂ ನೆನೆಯುವುದಿಲ್ಲ. ಮೂತಿ ಪಥದ ಕಡೆಗಿರುವುದರಿಂದ ಅವರು ಕಾರುಗಳ ದಾರಿಗೆ ಇಳಿದು, ಸಾಲಿನ ಮುಂದೆ ನಿಂತು ಕಾಗದ ಹಾಕಬೇಕು. ಗಾಲಿಕುರ್ಚಿಯಲ್ಲಿ ಬರುವವರಿಗೆ ಅಷ್ಟೂ ಸಾಧ್ಯವಿಲ್ಲ. ಅಲ್ಲಿನ ಅಂಗವಿಕಲರ ಹಕ್ಕಿನ ಮಾನದಂಡದ ಪ್ರಕಾರ ಗಾಲಿಕುರ್ಚಿಗೆ 30 ಇಂಚು ಅಗಲ, 48 ಇಂಚು ಉದ್ದದ ತೆರವು ಬೇಕು. ಕೈ ಎಟುಕಬೇಕಾದ ವಸ್ತು ನೆಲದಿಂದ 48 ಇಂಚಿಗಿಂತ ಮೇಲಿರಬಾರದು. ಫುಟ್‌ಪಾತಿನ ಕಡೆ ಮೂತಿಯಿಲ್ಲದ ಇನ್ನೊಂದು ಡಬ್ಬಿ ಇಟ್ಟರೆ ಮುಗಿಯಿತು.

ಕಳ್ಳತನದ ವಿಷಯ ಇಷ್ಟು ಸರಳವಲ್ಲ. ದಾರಕ್ಕೆ ಅಂಟು ಸವರಿದ ವಸ್ತುವನ್ನು ಕಟ್ಟಿ ಡಬ್ಬಿಯೊಳಗೆ ಇಳಿಬಿಟ್ಟು ಲಕೋಟೆಗಳನ್ನು ಮೇಲೆಳೆಯುವುದು ಹಳೆಯ ವಿದ್ಯೆ. ಸಿಕ್ಕ ಚೆಕ್ಕಿನ ಶಾಯಿಯನ್ನು ಅಸಿಟೋನ್‌ನಂಥ ದ್ರಾವಣದಲ್ಲಿ ತೊಳೆದು, ಹೆಸರು ಮೊತ್ತ ಎರಡನ್ನೂ ಹೊಸದಾಗಿ ಬರೆಯುತ್ತಾರೆ. ಇದಕ್ಕೆ ಮದ್ದಾಗಿ ಬಂದದ್ದು ಎಳೆಯುವ ಬಾಗಿಲಿನ ಬದಲು ಬರೀ ಕಿರಿದಾದ ಸೀಳಿರುವ ಡಬ್ಬಿ. ಗಾಳ ಹಾಕುವುದು ಕಷ್ಟವಾಯಿತು, ಸರಿ. ಆದರೆ ಮುಷ್ಟಿ ತುಂಬ ಕಾಗದವನ್ನು ಒಮ್ಮೆಗೇ ಸುರಿಯುತ್ತಿದ್ದವರು ಈಗ ಒಂದೊಂದಾಗಿ ತೂರಿಸಬೇಕು, ಪ್ರತಿ ಕಾರೂ ಹೆಚ್ಚು ಹೊತ್ತು ನಿಲ್ಲುತ್ತದೆ, ಸಾಲು ಬೆಳೆಯುತ್ತದೆ. ಡಬ್ಬಿ ಬದಲಿಸಿದ ಮೇಲೆ ಸಾಲಿನ ಉದ್ದವನ್ನು ಮತ್ತೆ ಅಳೆದದ್ದನ್ನು ನಾನಂತೂ ಎಲ್ಲೂ ಕಂಡಿಲ್ಲ.

ಸೀಳಿಗಿಂತ ದೊಡ್ಡ ತಲೆನೋವು ಬೀಗದ್ದು. ಬಾಣದ ಗುರುತಿನ ಒಂದೇ ಕೀಲಿ ಆ ಪ್ರದೇಶದ ಅನೇಕ ಡಬ್ಬಿಗಳನ್ನೂ ಅಪಾರ್ಟ್‌ಮೆಂಟುಗಳ ಸಾಲು ಅಂಚೆ ಪೆಟ್ಟಿಗೆಗಳನ್ನೂ ತೆರೆಯುತ್ತದೆ. ಆ ಕೀಲಿಗಾಗಿಯೇ ಅಂಚೆಯಣ್ಣಂದಿರನ್ನು ಬಂದೂಕು ತೋರಿಸಿ ದೋಚಿದ ಪ್ರಕರಣಗಳಿವೆ. 2023ರ ಮೇ ತಿಂಗಳಲ್ಲಿ ಅಲ್ಲಿನ ಅಂಚೆ ಇಲಾಖೆ 12,000 ಬಿಗಿಭದ್ರತೆಯ ಡಬ್ಬಿಗಳನ್ನು ಕೂರಿಸುವುದಾಗಿಯೂ 49,000 ಹಳೆಯ ಬೀಗಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಬೀಗ ತರುವುದಾಗಿಯೂ ಪ್ರಕಟಿಸಿತು. ಇದ್ದ ಹಣದಲ್ಲಿ ಒಂದನ್ನೇ ಮಾಡಬೇಕೆಂದರೆ ನಾನು ಬೀಗಕ್ಕೇ ಹಾಕುತ್ತೇನೆ. ಇನ್ನು, ಸಾಲಿಗೆ ಜಾಗ ಸಿಗಲೆಂದು ನಾವು ಡಬ್ಬಿಯನ್ನು ಕಟ್ಟಡದ ಹಿಂದಕ್ಕೆ ಒಯ್ದರೆ ರಾತ್ರಿ ಆ ಜಾಗವೇ ಕಳ್ಳನಿಗೆ ಅನುಕೂಲದ ಮೂಲೆಯಾಗುತ್ತದೆ. ರಸ್ತೆಯಿಂದ ಕಣ್ಣಿಗೆ ಬೀಳುವ ಆವರಣದ ಬದಿಯೇ ಒಳ್ಳೆಯದು. ದೀಪವನ್ನು ಮೂತಿಯ ಕಡೆಗಷ್ಟೇ ತಿರುಗಿಸಿದರೆ ಸಾಲದು, ಸಿಬ್ಬಂದಿ ಬೀಗ ತೆಗೆಯುವ ಬದಿಗೂ ಬೆಳಕು ಬೀಳಬೇಕು. ಕಳ್ಳ ಬರುವುದು ಆ ಬದಿಗೆ.

ಬಳಸುವವರ ಕೈಯಲ್ಲಿರುವುದು ಹೊತ್ತು. ಡಬ್ಬಿಯ ಮೇಲೆ ಕೊನೆಯ ಸಂಗ್ರಹದ ಸಮಯ ಅಚ್ಚಾಗಿರುತ್ತದೆ. ಅದು ದಾಟಿದ ಮೇಲೆ, ಮುಖ್ಯವಾಗಿ ಶನಿವಾರ ಸಂಜೆ, ಚೆಕ್ ಹಾಕಬೇಡಿ. ಸೋಮವಾರದವರೆಗೆ ಅದು ಅಲ್ಲೇ ಬಿದ್ದಿರುತ್ತದೆ. ಅಂಚೆ ಮುದ್ರೆ ಬೀಳುವುದು ವಿಂಗಡಣಾ ಕೇಂದ್ರದಲ್ಲಾದ್ದರಿಂದ ಗಡುವಿನ ದಿನ ಹಾಕಿದ ಕಾಗದಕ್ಕೆ ಮರುದಿನದ ತಾರೀಖು ಬಿದ್ದರೂ ಬೀಳಬಹುದು. ಪಾಸ್‌ಪೋರ್ಟ್ ನವೀಕರಣ, ವಲಸೆ ಅರ್ಜಿ ಎಂದು ದಪ್ಪ ಕಟ್ಟು ಕಳುಹಿಸುವ ಅಲ್ಲಿನ ಕನ್ನಡಿಗರು ಇನ್ನೊಂದು ನಿಯಮ ತಿಳಿದಿರಬೇಕು. 2019ರ ಅಕ್ಟೋಬರ್ 1ರಿಂದ, ಅಂಚೆಚೀಟಿ ಅಂಟಿಸಿದ ಕಟ್ಟು ಅರ್ಧ ಇಂಚಿಗಿಂತ ದಪ್ಪವಿದ್ದರೆ ಅಥವಾ 10 ಔನ್ಸ್, ಅಂದರೆ ಸುಮಾರು 283 ಗ್ರಾಂ, ಮೀರಿದರೆ ಡಬ್ಬಿಗೆ ಹಾಕುವಂತಿಲ್ಲ. ಅದನ್ನು ಕೌಂಟರಿನಲ್ಲೇ ಕೊಡಬೇಕು.

ಡಬ್ಬಿ ಸರಿಯಿಲ್ಲವೆಂದು ಜನ ಬಿಟ್ಟುಬಿಟ್ಟರೆ ಇನ್ನೊಂದು ಅನಾಹುತ ಕಾದಿರುತ್ತದೆ. ದಿನಕ್ಕೆ ಸರಾಸರಿ 25 ಕಾಗದಗಳೂ ಬೀಳದ ಡಬ್ಬಿ ತೆಗೆದುಹಾಕಬೇಕಾದವುಗಳ ಪಟ್ಟಿಗೆ ಸೇರುತ್ತದೆ. ಆದ್ದರಿಂದ ದೂರನ್ನು ಬೇಗ ಕೊಡಬೇಕು, ಸರಿಯಾದವರಿಗೆ ಕೊಡಬೇಕು. ಡಬ್ಬಿ, ಬೀಗ, ಸಂಗ್ರಹದ ಸಮಯ ಸ್ಥಳೀಯ ಪೋಸ್ಟ್‌ಮಾಸ್ಟರ್‌ಗೆ ಸೇರಿದ್ದು. ರಸ್ತೆಯಂಚು, ರಸ್ತೆಗೆ ಚಾಚುವ ಸಾಲು ನಗರಾಡಳಿತದ್ದು. ಅಂಚೆ ಕಚೇರಿಗಳಲ್ಲಿ ಬಹುಪಾಲು ಬಾಡಿಗೆ ಕಟ್ಟಡಗಳಲ್ಲಿರುವುದರಿಂದ ಆವರಣದ ಕಾಂಕ್ರೀಟ್, ದೀಪದ ಮಾತು ಬಂದಾಗ ಕಟ್ಟಡದ ಮಾಲೀಕರೂ ಒಪ್ಪಬೇಕಾಗುತ್ತದೆ. ಮೂವರಿಗೂ ಒಂದೇ ಪತ್ರ ಕಳುಹಿಸಿ. ಜೊತೆಗೆ ಅಂಚಿನ ಟೈರ್ ಗೀರುಗಳ ಒಂದು ಚಿತ್ರ, ಸಾಲು ರಸ್ತೆಗೆ ಬಂದು ನಿಲ್ಲುವ ದಿನ ಮತ್ತು ವೇಳೆ ಬರೆದಿರಲಿ.